ಗುಳಿಗಿ ಯಾಕ ನಾಟವಲ್ದು?

ಅಕ್ಟೋಬರಿನ ಛಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದು ದ್ರಾಕ್ಷಿ ಬಳ್ಳಿ ಚಿಗುರೊಡೆಯುವ ಹೊತ್ತಿಗೆ ಮೋಡ ಕವಿದು ಎರಡು ದಿನ ಜಿಟಿಜಿಟಿ ಹಿಡಿದರೆ ಐನಾಪುರದ ಕಡೆಯ ತೋಟದವರಿಗೆ ನಿದ್ದೆ ಹತ್ತುವುದಿಲ್ಲ. ಎಲೆ ಮಗುಚಿ ನೋಡಿದಾಗ ಅಡಿಯಲ್ಲಿ ಬಿಳಿ ಬೂಜು ಕಂಡಿತೆಂದರೆ ಡೌನಿ ರೋಗ ಬಂದಂತೆಯೇ. ಬೆಳಕು ಹರಿಯುವ ಮುಂಚೆ ಟ್ರ್ಯಾಕ್ಟರಿಗೆ ಬ್ಲೋವರ್ ಕಟ್ಟಿ ಎಣ್ಣೆ ಹೊಡೆಯಲು ಹೊರಡುತ್ತಾರೆ. ನಮ್ಮ ಕಡೆ ಬೆಳೆಗೆ ಹೊಡೆಯುವ ಔಷಧವೆಲ್ಲ ‘ಎಣ್ಣಿ’ಯೇ. ನಾಲ್ಕು ದಿನ ಬಿಟ್ಟು ಮತ್ತೆ ಅದೇ ಬೂಜು ಕಂಡಾಗ ಬರುವ ಮಾತೂ ಒಂದೇ: “ಮೊದಲ ಇದ ಎಣ್ಣಿ ಒಮ್ಮಿ ಹೊಡದ್ರ ಸಾಕಾಗ್ತಿತ್ತು. ಈಗ ನಾಟವಲ್ದು.”

ಇದೇ ‘ನಾಟವಲ್ದು’ ಎಂಬ ಮಾತನ್ನು ಇನ್ನೊಂದು ಜಾಗದಲ್ಲೂ ಕೇಳಬಹುದು, ಸರಕಾರಿ ಆಸ್ಪತ್ರೆಯ ಎಆರ್‌ಟಿ ಕೇಂದ್ರದ ಬೆಂಚಿನ ಮೇಲೆ. ಎಚ್‌ಐವಿ ಸೋಂಕಿತರಿಗೆ ತಿಂಗಳ ಗುಳಿಗೆ ಕೊಡುವ ಜಾಗ ಅದು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳು ಕರ್ನಾಟಕದಲ್ಲಿ ಈ ಸೋಂಕು ಹೆಚ್ಚಾಗಿ ಕಂಡ ಜಿಲ್ಲೆಗಳು. ಗಡಿಯಾಚೆಯ ಸಾಂಗಲಿಯೂ ಅಷ್ಟೇ. ಹಾಗಾಗಿ ಕೃಷ್ಣಾ ತೀರದ ನಮ್ಮ ಊರುಗಳಿಗೆ ವೈರಸ್ ಮತ್ತು ಗುಳಿಗೆಯ ಜಗಳ ಪುಸ್ತಕದ ವಿಷಯವೇನಲ್ಲ. ಶೇಡಬಾಳದಲ್ಲೋ ಉಗಾರದಲ್ಲೋ ಕುಡಚಿಯಲ್ಲೋ ರೈಲು ಹತ್ತಿ, ಗುರುತಿನವರ ಕಣ್ಣು ತಪ್ಪಿಸಿ, ಒಂದಿಷ್ಟು ಜನ ಮೀರಜ್ ಕಡೆಗೆ, ಒಂದಿಷ್ಟು ಜನ ಬೆಳಗಾವಿ ಕಡೆಗೆ ಗುಳಿಗೆಗೆಂದು ಓಡಾಡಿದ್ದಾರೆ. ಆ ಬೆಂಚಿನ ಮೇಲಿನ ವಿವರಣೆ ಹೀಗಿರುತ್ತದೆ: “ಗುಳಿಗಿ ಮೈಗೆ ಒಗ್ಗಿಬಿಟ್ಟಾವ. ಅದಕ್ಕ ನಾಟವಲ್ದು.”

ತೋಟದ ಮಾತು, ಬೆಂಚಿನ ಮಾತು ಎರಡರಲ್ಲೂ ಅನುಭವ ಸರಿಯಿದೆ, ಬೆಂಚಿನವರು ಕೊಡುವ ಕಾರಣ ತಪ್ಪಿದೆ. ಈ ತಪ್ಪು ಸಣ್ಣದಲ್ಲ. ಮೈಗೇ ಗುಳಿಗೆ ಒಗ್ಗಿತು ಎಂದುಕೊಂಡವರು ಸಹಜವಾಗಿಯೇ ‘ಸ್ವಲ್ಪ ದಿನ ಬಿಟ್ಟು ತಗೊಂಡ್ರ ಮತ್ತ ನಾಟ್ತಾವ’ ಎಂದುಕೊಳ್ಳುತ್ತಾರೆ. ಹಾಗೆ ಬಿಡುವುದರಿಂದಲೇ ಗುಳಿಗೆ ಕೆಡುವುದು. ಅದು ಹೇಗೆಂದು ತಿಳಿಯಬೇಕಾದರೆ ಮೊದಲು ಎತ್ತಿನ ಸುದ್ದಿಗೆ ಹೋಗಬೇಕು.

ಖಿಲಾರಿ ಎತ್ತು ನಮ್ಮ ಭಾಗದ್ದೇ ತಳಿ. ಸೊಲ್ಲಾಪುರ, ಸಾಂಗಲಿ, ಬೆಳಗಾವಿ, ವಿಜಯಪುರದ ಒಣ ನೆಲದಲ್ಲಿ ಹುಟ್ಟಿ ಬೆಳೆದದ್ದು. ಬಿಳಿ ಮೈ, ಹಿಂದಕ್ಕೆ ಬಾಗಿದ ಉದ್ದ ಕೋಡು, ಶರ್ಯತ್ತಿನಲ್ಲಿ ಬಿಲ್ಲಿನಿಂದ ಬಿಟ್ಟ ಬಾಣದಂಥ ಓಟ. ಈ ಓಟ ಬಂದದ್ದು ಹೇಗೆ? ಯಾವ ಹೋರಿಯೂ ಓಡಿ ಓಡಿ ಕಾಲು ಗಟ್ಟಿ ಮಾಡಿಕೊಂಡು ಅದನ್ನು ಕರುವಿಗೆ ಕೊಡಲಿಲ್ಲ. ಹುಟ್ಟಿದ ಹತ್ತು ಕರುಗಳಲ್ಲಿ ಒಂದು ಚುರುಕು, ಇನ್ನೊಂದು ಮಂದ. ಚುರುಕಿನದನ್ನು ತಳಿಗೆ ಇಟ್ಟುಕೊಂಡರು, ಮಂದದ್ದನ್ನು ಗಳೇಕ್ಕೆ ಹೂಡಿದರು. ತಲೆಮಾರುಗಟ್ಟಲೆ ಇಷ್ಟೇ ನಡೆಯಿತು. ಬೀಜದ ಜೋಳಕ್ಕೆ ದಪ್ಪ ತೆನೆ ಆರಿಸಿ ಇಟ್ಟ ನಮ್ಮ ಅಜ್ಜಿಯರು ಮಾಡಿದ್ದೂ ಇದೇ ಕೆಲಸ.

1859ರಲ್ಲಿ ಚಾರ್ಲ್ಸ್ ಡಾರ್ವಿನ್ ಹೇಳಿದ್ದರ ತಿರುಳು ಒಕ್ಕಲಿಗನಿಗೆ ಹೊಸದಾಗಿ ಕಾಣಲಾರದು. ಒಂದೇ ತಾಯಿಯ ಮಕ್ಕಳಲ್ಲೂ ವ್ಯತ್ಯಾಸವಿರುತ್ತದೆ. ಆ ವ್ಯತ್ಯಾಸದಲ್ಲಿ ಕೆಲವು ವಂಶಕ್ಕೆ ದಾಟುತ್ತವೆ. ಹುಟ್ಟಿದವರೆಲ್ಲ ಬದುಕಿ ಬೆಳೆದು ಮಕ್ಕಳನ್ನು ಹೆರುವುದಿಲ್ಲ. ಯಾರು ಹೆರುತ್ತಾರೋ ಅವರ ಗುಣ ಮುಂದಿನ ತಲೆಮಾರಿನಲ್ಲಿ ಹೆಚ್ಚುತ್ತದೆ. ಖಿಲಾರಿಯಲ್ಲಿ ಆರಿಸುವ ಕೈ ರೈತನದು. ಕಾಡಿನಲ್ಲಿ ಬರ, ಚಳಿ, ಹಸಿವು, ರೋಗ ಆರಿಸುತ್ತವೆ. ದ್ರಾಕ್ಷಿ ತೋಟದಲ್ಲಿ ಎಣ್ಣೆ, ರೋಗಿಯ ರಕ್ತದಲ್ಲಿ ಗುಳಿಗೆ.

ಇಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ. ಔಷಧಕ್ಕೆ ಜಗ್ಗದ ಜೀವಿ ಔಷಧ ಬಿದ್ದ ಮೇಲೆ ಹಾಗಾಯಿತೋ, ಮೊದಲೇ ಹಾಗಿತ್ತೋ? ಪತ್ರಿಕೆಗಳು ‘ವೈರಸ್ ಬುದ್ಧಿ ಕಲಿತಿದೆ’ ಎಂದು ದಪ್ಪಕ್ಷರದಲ್ಲಿ ಬರೆಯುವಾಗ ಮೊದಲನೆಯದನ್ನೇ ನಂಬಿಸುತ್ತವೆ. ಈ ಪ್ರಶ್ನೆಗೆ 1952ರಲ್ಲಿ ಅಮೆರಿಕದ ಜೋಶುವಾ ಲೆಡರ್‌ಬರ್ಗ್ ಮತ್ತು ಎಸ್ತರ್ ಲೆಡರ್‌ಬರ್ಗ್ ದಂಪತಿ ಒಂದು ತುಂಡು ಮಖಮಲ್ ಬಟ್ಟೆಯಿಂದ ಉತ್ತರ ತೆಗೆದರು. ನನಗೆ ವಿಜ್ಞಾನದಲ್ಲಿ ಇಷ್ಟು ಕಡಿಮೆ ಖರ್ಚಿನ, ಇಷ್ಟು ಚೊಕ್ಕ ಪ್ರಯೋಗ ಇನ್ನೊಂದು ಗೊತ್ತಿಲ್ಲ.

ಒಂದು ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿದರು. ಅದಕ್ಕೆ ಔಷಧದ ಸೋಂಕೇ ಇಲ್ಲ. ಮರದ ಅಚ್ಚಿಗೆ ಮಖಮಲ್ ಸುತ್ತಿ ತಟ್ಟೆಯ ಮೇಲೆ ಒತ್ತಿದರು. ರಬ್ಬರ್ ಸ್ಟ್ಯಾಂಪಿಗೆ ಶಾಯಿ ಹತ್ತುವಂತೆ ಬಟ್ಟೆಯ ನವಿರಿಗೆ ಬ್ಯಾಕ್ಟೀರಿಯಾ ಹತ್ತಿದವು. ಅದೇ ಬಟ್ಟೆಯನ್ನು ಸ್ಟ್ರೆಪ್ಟೊಮೈಸಿನ್ ಹಾಕಿದ ಬೇರೆ ಬೇರೆ ತಟ್ಟೆಗಳ ಮೇಲೆ, ದಿಕ್ಕು ತಪ್ಪದ ಹಾಗೆ, ಸಾಲಾಗಿ ಒತ್ತಿದರು. ಔಷಧದ ತಟ್ಟೆಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಸತ್ತವು. ಅಲ್ಲೊಂದು ಇಲ್ಲೊಂದು ಚುಕ್ಕೆ ಮಾತ್ರ ಬೆಳೆಯಿತು. ಆ ಚುಕ್ಕೆಗಳು ಎಲ್ಲ ತಟ್ಟೆಗಳಲ್ಲೂ ಒಂದೇ ಜಾಗದಲ್ಲಿದ್ದವು. ಔಷಧ ಕಂಡ ಮೇಲೆ ‘ಕಲಿತಿದ್ದರೆ’ ಒಂದೊಂದು ತಟ್ಟೆಯಲ್ಲಿ ಒಂದೊಂದು ಕಡೆ ಬೆಳೆಯಬೇಕಿತ್ತು. ಮೂಲ ತಟ್ಟೆಗೆ ಮರಳಿ, ಅದೇ ಜಾಗದಿಂದ ಬ್ಯಾಕ್ಟೀರಿಯಾ ತೆಗೆದು ಬೆಳೆಸುತ್ತ ಹೋದಾಗ, ಔಷಧದ ಮುಖವನ್ನೇ ನೋಡದ ಆ ಪೀಳಿಗೆಯಲ್ಲೇ ಔಷಧಕ್ಕೆ ಜಗ್ಗದವು ಸಿಕ್ಕವು. ಮೊದಲೇ ಇದ್ದವು. ಔಷಧ ಅವನ್ನು ಹುಟ್ಟಿಸಲಿಲ್ಲ, ಉಳಿದವರನ್ನೆಲ್ಲ ಕೊಂದು ಅವಕ್ಕೆ ಹೊಲ ಖಾಲಿ ಮಾಡಿಕೊಟ್ಟಿತು.

ಈಗ ಎಚ್‌ಐವಿಗೆ ಬರೋಣ. ಇದರ ಪೂರ್ತಿ ವಂಶಪತ್ರ ಹತ್ತು ಸಾವಿರ ಅಕ್ಷರಕ್ಕೂ ತುಸು ಕಡಿಮೆ, ಒಂದು ಸಣ್ಣ ಕಿರುಹೊತ್ತಿಗೆಯಷ್ಟು. ರಕ್ತದ ಬಿಳಿಕಣದೊಳಗೆ ಹೊಕ್ಕ ಮೇಲೆ ಅದು ತನ್ನ ಆರ್‌ಎನ್‌ಎ ಬರಹವನ್ನು ಡಿಎನ್‌ಎಗೆ ನಕಲು ಮಾಡಬೇಕು. ಈ ಕೆಲಸಕ್ಕೆ ಅದು ತನ್ನದೇ ಒಬ್ಬ ಗುಮಾಸ್ತನನ್ನು ತಂದಿರುತ್ತದೆ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಬ ಕಿಣ್ವ. ನಮ್ಮ ಜೀವಕೋಶದ ಗುಮಾಸ್ತ ಬರೆದದ್ದನ್ನು ತಿರುಗಿ ಓದಿ ತಿದ್ದುತ್ತಾನೆ. ಇವನಿಗೆ ಆ ಪದ್ಧತಿಯಿಲ್ಲ. ಸುಮಾರು ಮೂವತ್ತು ಸಾವಿರ ಅಕ್ಷರಕ್ಕೊಂದು ತಪ್ಪು ಇವನ ಕೈಯಿಂದ ಆಗುತ್ತದೆ. ಅಂದರೆ ಮೂರು ನಕಲು ಮಾಡಿದರೆ ಒಂದರಲ್ಲಿ ಒಂದು ಅಕ್ಷರ ತಪ್ಪು.

ಬಹುಪಾಲು ತಪ್ಪು ವೈರಸ್ಸಿಗೇ ಮಾರಕ, ಇಲ್ಲವೇ ನಿರುಪಯೋಗಿ. ಆದರೆ ಸಂಖ್ಯೆ ನೋಡಿ. ಚಿಕಿತ್ಸೆ ಇಲ್ಲದ ರೋಗಿಯ ಮೈಯಲ್ಲಿ ದಿನಕ್ಕೆ ಸುಮಾರು ಸಾವಿರ ಕೋಟಿ ವೈರಸ್ ಕಣ ಹುಟ್ಟುತ್ತವೆಂದು 1990ರ ದಶಕದ ನಡುವೆ ಡೇವಿಡ್ ಹೋ, ಅಲನ್ ಪೆರೆಲ್ಸನ್ ಮುಂತಾದ ವಿಜ್ಞಾನಿಗಳು ಲೆಕ್ಕ ಹಾಕಿದರು. ಹೆಚ್ಚಿನವು ಹಾಳಾಗಿಹೋಗುತ್ತವೆ. ಹೊಸದಾಗಿ ಸೋಂಕಾಗುವ ಬಿಳಿಕಣ ದಿನಕ್ಕೆ ಒಂದೇ ಕೋಟಿ ಎಂದು ಕೈಬಿಗಿದು ಹಿಡಿಯೋಣ. ಮೂರಕ್ಕೊಂದು ತಪ್ಪೆಂದರೆ ಮೂವತ್ತಮೂರು ಲಕ್ಷ ತಪ್ಪು. ಆಗಬಹುದಾದ ಒಂಟಿ ತಪ್ಪುಗಳಾದರೂ ಎಷ್ಟು? ಹತ್ತು ಸಾವಿರ ಅಕ್ಷರ, ಪ್ರತಿಯೊಂದರ ಜಾಗದಲ್ಲಿ ಬರಬಹುದಾದ ಬೇರೆ ಅಕ್ಷರ ಮೂರು. ಒಟ್ಟು ಮೂವತ್ತು ಸಾವಿರ. ಭಾಗಿಸಿ ನೋಡಿ: ಸಾಧ್ಯವಿರುವ ಪ್ರತಿಯೊಂದು ತಪ್ಪೂ ದಿನಕ್ಕೆ ನೂರು ಸಲ ಆಗುತ್ತಿರುತ್ತದೆ. ಇದು ಒರಟು ಲೆಕ್ಕ. ಆದರೂ ಇಷ್ಟನ್ನು ಹೇಳುತ್ತದೆ: ರೋಗಿ ಮೊದಲ ಗುಳಿಗೆ ಬಾಯಿಗೆ ಹಾಕುವ ಹಿಂದಿನ ರಾತ್ರಿಯೇ ಆ ಗುಳಿಗೆಗೆ ಜಗ್ಗದ ವೈರಸ್ ಒಳಗೆ ಕೂತಿರುತ್ತದೆ.

1987ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಎಚ್‌ಐವಿ ಔಷಧ ಎಝಡ್‌ಟಿ, ಅಂದರೆ ಝಿಡೋವುಡಿನ್, ಒಂಟಿಯಾಗಿ ಕಾದಾಡಲು ಹೋಗಿ ಸೋತದ್ದು ಇದರಿಂದಲೇ. ಕೆಲವು ತಿಂಗಳು ರೋಗಿಗಳು ಚೇತರಿಸಿಕೊಂಡರು, ಮತ್ತೆ ಕುಸಿದರು. 1989ರ ಹೊತ್ತಿಗೆ ಅದಕ್ಕೆ ಜಗ್ಗದ ವೈರಸ್ ರೋಗಿಗಳಲ್ಲಿ ಪತ್ತೆಯಾಯಿತು. ಎಝಡ್‌ಟಿಗೆ ಗಟ್ಟಿಯಾಗಿ ನಿಲ್ಲಲು ವೈರಸ್ಸಿಗೆ ಹಲವು ತಪ್ಪುಗಳು ಕೂಡಬೇಕು, ಹಾಗಾಗಿ ತಿಂಗಳುಗಳು ಹಿಡಿದವು. ಆಮೇಲೆ ಬಂದ ಲ್ಯಾಮಿವುಡಿನ್‌ಗೆ ಒಂದೇ ತಪ್ಪು ಸಾಕು: ಆ ಗುಮಾಸ್ತ ಕಿಣ್ವದ 184ನೇ ಕೊಂಡಿಯಲ್ಲಿ ಮೆಥಿಯೊನಿನ್ ಎಂಬ ಅಮೈನೊ ಆಮ್ಲ ಇದ್ದಲ್ಲಿ ವ್ಯಾಲಿನ್ ಬರುವುದು. ನೆವಿರಾಪಿನ್‌ಗೂ ಅಷ್ಟೇ, 103ರಲ್ಲೋ 181ರಲ್ಲೋ ಒಂದು ಬದಲಾವಣೆ. ಒಂಟಿಯಾಗಿ ಕೊಟ್ಟರೆ ಇವೆರಡೂ ಕೆಲವೇ ವಾರಗಳಲ್ಲಿ ಸೋಲುತ್ತವೆ.

ಹಾಗಾದರೆ ಇವುಗಳನ್ನೇ ಕೂಡಿಸಿ ಕೊಟ್ಟರೆ ಗೆಲ್ಲುವುದು ಹೇಗೆ? ಮತ್ತೆ ಗಣಿತ. ಗೊತ್ತಾದ ಒಂದು ತಪ್ಪು ಒಂದು ನಕಲಿನಲ್ಲಿ ಆಗುವ ಸಾಧ್ಯತೆ ಲಕ್ಷಕ್ಕೊಂದು. ಗೊತ್ತಾದ ಎರಡು ತಪ್ಪು ಒಂದೇ ನಕಲಿನಲ್ಲಿ ಬೀಳಬೇಕೆಂದರೆ ಲಕ್ಷ ಗುಣಿಲೆ ಲಕ್ಷ, ಸಾವಿರ ಕೋಟಿಗೊಂದು. ನಮ್ಮ ಒರಟು ಲೆಕ್ಕದಲ್ಲಿ ಸುಮಾರು ಮೂರು ವರ್ಷಕ್ಕೊಮ್ಮೆ. ಮೂರೂ ಒಟ್ಟಿಗೆ ಬೀಳಬೇಕೆಂದರೆ ಎರಡು ಲಕ್ಷ ವರ್ಷಕ್ಕೂ ಮಿಕ್ಕಿ ಕಾಯಬೇಕು. 1996ರಲ್ಲಿ ವ್ಯಾಂಕೂವರ್‌ನ ಏಡ್ಸ್ ಸಮ್ಮೇಳನದ ಹೊತ್ತಿಗೆ ಮೂರು ಔಷಧ ಒಟ್ಟಿಗೆ ಕೊಡುವ ಪದ್ಧತಿ ನೆಲೆಯೂರಿತು. ಸಾವಿನ ಹಾಸಿಗೆಯಿಂದ ಜನ ಎದ್ದು ಬಂದರು. ಮೂರು ಔಷಧ ಕೂಡಿಸಿದ್ದು ಶಕ್ತಿ ಮೂರು ಪಟ್ಟಾಗಲಿ ಎಂದಲ್ಲ. ಒಂದರಿಂದ ತಪ್ಪಿಸಿಕೊಂಡ ವೈರಸ್ ಇನ್ನೆರಡರ ಕೈಗೆ ಸಿಗಲಿ ಎಂದು.

ನಮ್ಮ ದ್ರಾಕ್ಷಿಯವರು ಈ ಪಾಠವನ್ನು ಬೇರೆ ದಾರಿಯಿಂದ ಕಲಿತಿದ್ದಾರೆ. ಡೌನಿ ತರುವುದು ವೈರಸ್ಸಲ್ಲ, ಶಿಲೀಂಧ್ರದಂಥ ಜೀವಿ. ಆಟದ ನಿಯಮ ಅದೇ. 1970ರ ದಶಕದ ಕೊನೆಗೆ ಬಂದ ಮೆಟಲಾಕ್ಸಿಲ್ ಆ ಜೀವಿಯ ಒಂದೇ ನರ ಹಿಡಿದು ಒತ್ತುವ ಔಷಧ. ಕೆಲವೇ ವರ್ಷಗಳಲ್ಲಿ ಅದಕ್ಕೆ ಜಗ್ಗದ ಡೌನಿ ಯುರೋಪಿನ ತೋಟಗಳಲ್ಲಿ ಕಂಡಿತು. ಅದಕ್ಕೇ ಮೆಟಲಾಕ್ಸಿಲ್ ಜತೆ ಮ್ಯಾಂಕೊಜೆಬ್ ಬೆರೆಸಿದ ಪೊಟ್ಟಣ ಮಾರುವುದು. 1880ರ ದಶಕದಲ್ಲಿ ಫ್ರಾನ್ಸಿನಲ್ಲಿ ಶುರುವಾದ ಬೋರ್ಡೊ ದ್ರಾವಣ, ಅದೇ ನಮ್ಮ ಮೈಲುತುತ್ತ ಮತ್ತು ಸುಣ್ಣ, ಇಂದಿಗೂ ನಾಟುತ್ತದೆ. ತಾಮ್ರ ಒಂದೇ ಸಲಕ್ಕೆ ಹತ್ತಾರು ಕಡೆ ಹೊಡೆಯುತ್ತದೆ. ಹತ್ತಾರು ಕಡೆ ಏಕಕಾಲಕ್ಕೆ ಬದಲಾಗುವುದು ಸುಲಭವಲ್ಲ. ಹೊಸದೆಲ್ಲ ಬಲವಾದದ್ದು ಎಂದು ನಂಬಿ ಅಂಗಡಿಯವನು ಕೊಟ್ಟ ದುಬಾರಿ ಬಾಟಲಿಯನ್ನೇ ಋತುವಿಡೀ ಹೊಡೆಯುವವರು ಈ ನೀಲಿ ನೀರನ್ನು ಹಗುರ ಮಾಡಬಾರದು.

ಭಾರತದಲ್ಲಿ ಮೂರು ಔಷಧದ ಚಿಕಿತ್ಸೆ ಬಡವರ ಕೈಗೆ ಎಟುಕಿದ್ದಕ್ಕೆ ಒಂದು ದಿಟ್ಟ ಲೆಕ್ಕಾಚಾರವಿದೆ. ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮೇಲಿದ್ದ ಈ ಔಷಧಗಳನ್ನು 2001ರ ಫೆಬ್ರುವರಿಯಲ್ಲಿ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ 350 ಡಾಲರಿಗೆ ಕೊಡುತ್ತೇನೆಂದರು. ಮೂರನ್ನೂ ಒಂದೇ ಗುಳಿಗೆಯಲ್ಲಿ ಒತ್ತಿದ್ದೂ ಆಗಲೇ. 2004ರ ಏಪ್ರಿಲ್ 1ರಿಂದ ಸರಕಾರ ಎಂಟು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡಲು ಶುರುಮಾಡಿತು. ಆಮೇಲೆ ಜಿಲ್ಲೆಗಳಿಗೂ ಕೇಂದ್ರ ಬಂದವು. ಒಂದೇ ಗುಳಿಗೆಯಾದ್ದರಿಂದ ಮೂರರಲ್ಲಿ ಒಂದನ್ನು ನುಂಗಿ ಎರಡನ್ನು ಬಿಡುವ ಅವಕಾಶ ತಪ್ಪಿತು. ಅಗ್ಗದ ಬೆಲೆಯಷ್ಟೇ ದೊಡ್ಡ ಉಪಕಾರ ಅದು, ನನ್ನ ಎಣಿಕೆಯಲ್ಲಿ.

ಆದರೂ ಒಂದು ಬಿರುಕು ಉಳಿಯಿತು. ಮೂರು ಔಷಧ ಒಟ್ಟಿಗೆ ಹೊಟ್ಟೆಗೆ ಹೋದರೂ ಒಟ್ಟಿಗೆ ರಕ್ತದಿಂದ ಇಳಿಯುವುದಿಲ್ಲ. ಝಿಡೋವುಡಿನ್, ಲ್ಯಾಮಿವುಡಿನ್, ನೆವಿರಾಪಿನ್ ನುಂಗುತ್ತಿದ್ದವರು ಊರ ಜಾತ್ರೆಗೋ ಮದುವೆಗೋ ಹೋಗಿ ಗುಳಿಗೆ ಮರೆತರೆನ್ನಿ. ಝಿಡೋವುಡಿನ್ ಮೊದಲು ಖಾಲಿ. ಲ್ಯಾಮಿವುಡಿನ್ ಎರಡು ಮೂರು ದಿನಕ್ಕೆ ಮಾಯ. ನೆವಿರಾಪಿನ್ ಮಾತ್ರ ವಾರಕ್ಕೂ ಮಿಕ್ಕಿ ಜಿನುಗುತ್ತ ಇರುತ್ತದೆ. ಆ ದಿನಗಳಲ್ಲಿ ರೋಗಿಯ ಮೈಯಲ್ಲಿರುವುದು ಒಂಟಿ ನೆವಿರಾಪಿನ್, ಅದೂ ಅರೆಬರೆ. ಒಂದೇ ತಪ್ಪಿನ ವೈರಸ್ಸಿಗೆ ಇದಕ್ಕಿಂತ ಒಳ್ಳೆಯ ಹಂಗಾಮು ಬೇಕೇ?

ಇಲ್ಲಿ ಒಂದು ವಿಚಿತ್ರವಿದೆ. ಗುಳಿಗೆಯನ್ನೇ ಮುಟ್ಟದವರಲ್ಲಿ ಔಷಧಕ್ಕೆ ಜಗ್ಗದ ವೈರಸ್ ಮೇಲುಗೈ ಪಡೆಯುವುದಿಲ್ಲ, ಯಾಕೆಂದರೆ ಆರಿಸುವ ಕೈಯೇ ಇಲ್ಲ. ರೋಗ ಮಾತ್ರ ಕೊಲ್ಲುತ್ತದೆ. ದಿನವೂ ತಪ್ಪದೆ ನುಂಗುವವರಲ್ಲೂ ಅದು ಬೆಳೆಯುವುದಿಲ್ಲ. ನಕಲೇ ನಿಂತ ಮೇಲೆ ನಕಲಿನ ತಪ್ಪೆಲ್ಲಿಂದ? ಗಂಡಾಂತರ ನಡುವಿನಲ್ಲಿ, ನಾಲ್ಕು ದಿನ ನುಂಗಿ ಮೂರು ದಿನ ಬಿಡುವವರಲ್ಲಿ. ಅಲ್ಲಿ ವೈರಸ್ಸಿಗೆ ನಕಲು ಮಾಡಿಕೊಳ್ಳಲು ಬಿಡುವೂ ಉಂಟು, ಆರಿಸುವ ಔಷಧವೂ ಉಂಟು. ಅಳತೆಗಿಂತ ಕಡಿಮೆ ಎಣ್ಣೆ ಬೆರೆಸಿ ನೀರು ಜಾಸ್ತಿ ಮಾಡಿ ಹೊಡೆದ ತೋಟದಂತೆ.

ಗುಳಿಗೆ ಪೂರಾ ನಿಲ್ಲಿಸಿದರೆ ಇನ್ನೊಂದು ಮೋಸ ನಡೆಯುತ್ತದೆ. 184ನೇ ಕೊಂಡಿ ಬದಲಾದ ವೈರಸ್ ಲ್ಯಾಮಿವುಡಿನ್‌ನಿಂದ ಪಾರಾದರೂ ಕುಂಟುತ್ತದೆ. ಅದರ ಗುಮಾಸ್ತನ ಕೈ ನಿಧಾನ. ಔಷಧ ಇಲ್ಲದ ಮೈದಾನದಲ್ಲಿ ಹಳೆಯ ಗಟ್ಟಿ ವೈರಸ್ ಓಡಿ ಮುಂದೆ ಹೋಗುತ್ತದೆ, ಕುಂಟುವುದು ಹಿಂದೆ ಬೀಳುತ್ತದೆ. ಆಗ ಪರೀಕ್ಷೆ ಮಾಡಿದರೆ ‘ಗುಳಿಗೆಗೆ ಜಗ್ಗದ ವೈರಸ್ ಇಲ್ಲ’ ಎಂದು ಬರುತ್ತದೆ. ‘ಸ್ವಲ್ಪ ದಿನ ಬಿಟ್ರ ಮತ್ತ ನಾಟ್ತಾವ’ ಎನ್ನುವವರಿಗೆ ಇದೇ ಸಾಕ್ಷಿಯಂತೆ ಕಾಣುತ್ತದೆ. ಆದರೆ ಎಚ್‌ಐವಿ ನಮ್ಮ ಜೀವಕೋಶದ ಡಿಎನ್‌ಎಯಲ್ಲೇ ತನ್ನ ಬರಹವನ್ನು ಹೆಣೆದು ಮಲಗುವ ವೈರಸ್. ಹಳೆಯ ತಪ್ಪಿನ ಪ್ರತಿಗಳೆಲ್ಲ ಹಗೇವಿನಲ್ಲಿಟ್ಟ ಬೀಜದಂತೆ ವರ್ಷಗಟ್ಟಲೆ ಅಲ್ಲೇ ಇರುತ್ತವೆ. ಅದೇ ಗುಳಿಗೆ ಮತ್ತೆ ಶುರುಮಾಡಿದ ಕೂಡಲೇ ಮೊಳೆಯುತ್ತವೆ. ಆದ್ದರಿಂದಲೇ ಈ ಪರೀಕ್ಷೆಯನ್ನು ರೋಗಿ ಗುಳಿಗೆ ನುಂಗುತ್ತಿರುವಾಗ ಮಾಡುವುದು ಸರಿ.

ಕುಂಟುವ ವೈರಸ್ ಸದಾ ಕುಂಟುತ್ತದೆಂದೂ ನಂಬುವಂತಿಲ್ಲ. ಫ್ಲೂ ಔಷಧ ಒಸೆಲ್ಟಾಮಿವಿರ್‌ಗೆ ಜಗ್ಗದ ಎಚ್1ಎನ್1 ಬಲಹೀನ, ಹರಡಲಾರದು ಎಂದು ತಜ್ಞರು ನೆಮ್ಮದಿಯಾಗಿದ್ದರು. 2007-08ರ ಚಳಿಗಾಲದಲ್ಲಿ, ಆ ಔಷಧವನ್ನು ಬಹಳ ಕಡಿಮೆ ಬಳಸುವ ನಾರ್ವೆಯಲ್ಲಿ ಅದು ಮೊದಲು ದೊಡ್ಡದಾಗಿ ಕಾಣಿಸಿತು. ವರ್ಷದೊಳಗೆ ಜಗತ್ತೆಲ್ಲ ವ್ಯಾಪಿಸಿತು. ಬೇರೆ ಕಡೆ ಆದ ಸಣ್ಣ ಬದಲಾವಣೆಗಳು ಅದರ ಕುಂಟು ಕಾಲಿಗೆ ಊರುಗೋಲಾಗಿದ್ದವು. 2009ರಲ್ಲಿ ‘ಹಂದಿ ಜ್ವರ’ದ ಹೊಸ ಎಚ್1ಎನ್1 ಬಂದು ಅದನ್ನು ಮೂಲೆಗೆ ತಳ್ಳಿತು, ಹೊಸದಕ್ಕೆ ಔಷಧ ನಾಟುತ್ತಿತ್ತು. ಯಾರ ಯೋಜನೆಯೂ ಅಲ್ಲ, ಅದೃಷ್ಟ.

ಈಗ ಎಆರ್‌ಟಿ ಕೇಂದ್ರದಲ್ಲಿ ಹೆಚ್ಚಿನವರಿಗೆ ಸಿಗುವುದು ಟಿಎಲ್‌ಡಿ: ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್, ದಿನಕ್ಕೊಂದೇ ಗುಳಿಗೆ. ದೇಶದಲ್ಲಿ ಇದು ವ್ಯಾಪಕವಾದದ್ದು 2020ರ ಆಚೆಗೆ. ಡೊಲುಟೆಗ್ರಾವಿರ್ ಗುಮಾಸ್ತನನ್ನು ಮುಟ್ಟುವುದಿಲ್ಲ. ನಕಲಾದ ಬರಹ ನಮ್ಮ ಡಿಎನ್‌ಎಗೆ ಹೆಣೆದುಕೊಳ್ಳದಂತೆ ತಡೆಯುತ್ತದೆ. ಹಿಡಿತ ಎಷ್ಟು ಬಿಗಿಯೆಂದರೆ ಬಿಡಿಸಿಕೊಳ್ಳಲು ವೈರಸ್ ಹಲವು ಬದಲಾವಣೆ ಮಾಡಿಕೊಳ್ಳಬೇಕು, ಅವೂ ಅದಕ್ಕೇ ಭಾರ. ಒಂದು ದಿನದ ಮರೆವನ್ನು ಇದು ನೆವಿರಾಪಿನ್‌ಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ತಾಳಿಕೊಳ್ಳುತ್ತದೆಂದು ವಾರಗಟ್ಟಲೆ ಪರೀಕ್ಷಿಸುವುದು ಬೇಡ. ಇದಕ್ಕೂ ಜಗ್ಗದ ವೈರಸ್ ಕಂಡುಬಂದಿದೆ.

ನಮ್ಮ ಭಾಗದಲ್ಲಿ ಗುಳಿಗೆ ತಪ್ಪುವುದು ಸೋಮಾರಿತನದಿಂದಲ್ಲ ಎಂಬುದನ್ನೂ ಹೇಳಬೇಕು. ಕಾರ್ಖಾನೆಯ ಹಂಗಾಮಿನಲ್ಲಿ ಕಬ್ಬು ಕಡಿಯುವ ಗ್ಯಾಂಗು ಊರೂರು ಅಲೆಯುತ್ತದೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದಾಗ ಹೊಳೆದಂಡೆಯ ಜನ ಉಟ್ಟ ಬಟ್ಟೆಯಲ್ಲಿ ಗಂಜಿ ಕೇಂದ್ರ ಸೇರಿದರು. ಹತ್ತು ಜನರ ನಡುವೆ ಡಬ್ಬಿ ತೆರೆಯುವುದು ಸುಲಭವೇ? ಇದಕ್ಕೆ ಕೆಲವು ದಾರಿಗಳಿವೆ. ಗುಳಿಗೆ ಸರಿಯಾಗಿ ನಡೆದಿದ್ದವರಿಗೆ ಒಂದಕ್ಕಿಂತ ಹೆಚ್ಚು ತಿಂಗಳ ಗುಳಿಗೆ ಒಟ್ಟಿಗೆ ಕೊಡುವ ಪದ್ಧತಿಯಿದೆ; 2020ರ ಲಾಕ್‌ಡೌನಿನಲ್ಲಿ ಅದೇ ಜನರನ್ನು ಉಳಿಸಿತು. ದುಡಿಯಲು ಬೇರೆ ಜಿಲ್ಲೆಗೋ ಮಹಾರಾಷ್ಟ್ರಕ್ಕೋ ಹೋಗುವವರು ಮುಂಚೆ ಹೇಳಿದರೆ ಅಲ್ಲಿನ ಕೇಂದ್ರಕ್ಕೆ ಚೀಟಿ ಬದಲಿಸಿಕೊಡುತ್ತಾರೆ. ಮಳೆಗಾಲದಲ್ಲಿ ರೇಷನ್ ಕಾರ್ಡು, ಆಧಾರು ಕಟ್ಟಿಡುವ ಪ್ಲಾಸ್ಟಿಕ್ ಚೀಲದಲ್ಲೇ ಹದಿನೈದು ದಿನದ ಗುಳಿಗೆಯನ್ನೂ ಇಟ್ಟರೆ ಓಡುವಾಗ ನೆನಪಾಗುತ್ತದೆ. ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ನುಂಗಬೇಕು. ಮರುದಿನ ಎರಡೆರಡು ನುಂಗಿ ಲೆಕ್ಕ ಸರಿಮಾಡುವುದು ಬೇಡ.

ಕೇಂದ್ರಕ್ಕೆ ಹೋದಾಗ ಆಪ್ತಸಮಾಲೋಚಕರು ಡಬ್ಬಿ ಬಗ್ಗಿಸಿ ಉಳಿದ ಗುಳಿಗೆ ಎಣಿಸುತ್ತಾರೆ. ನೂರಕ್ಕೆ ತೊಂಬತ್ತೈದು ನುಂಗಿರಬೇಕೆಂಬುದು ಅವರ ಅಳತೆ. ಮೂವತ್ತು ದಿನಕ್ಕೆ ಒಂದು ತಪ್ಪಬಹುದು, ಎರಡಾದರೆ ಅಳತೆ ಮೀರಿತು. ಬೈಸಿಕೊಳ್ಳಬಾರದೆಂದು ಕೆಲವರು ಉಳಿದ ಗುಳಿಗೆಯನ್ನು ಬರುವ ದಾರಿಯಲ್ಲೇ ಚೆಲ್ಲಿ ಖಾಲಿ ಡಬ್ಬಿ ತೋರಿಸುತ್ತಾರೆ. ವರ್ಷಕ್ಕೊಮ್ಮೆ ರಕ್ತ ತೆಗೆದು ವೈರಲ್ ಲೋಡ್ ನೋಡುತ್ತಾರಲ್ಲ, ಅದಕ್ಕೆ ಡಬ್ಬಿಯ ಲೆಕ್ಕ ಬೇಕಿಲ್ಲ. ಒಂದು ಮಿಲಿಲೀಟರಿನಲ್ಲಿ ಸಾವಿರಕ್ಕೂ ಹೆಚ್ಚು ನಕಲು ಕಂಡರೆ ಮೂರು ತಿಂಗಳು ಕೂರಿಸಿ ಮಾತಾಡಿಸಿ, ನುಂಗಿಸಿ, ಮತ್ತೆ ಪರೀಕ್ಷೆ ಮಾಡುತ್ತಾರೆ. ಆಗ ಇಳಿದರೆ ಗುಳಿಗೆ ತಪ್ಪಿದ್ದೇ ಕಾರಣವಾಗಿತ್ತು, ಅದೇ ಗುಳಿಗೆ ಮುಂದುವರಿಯುತ್ತದೆ. ಇಳಿಯದಿದ್ದರೆ ಬೇರೆ ಗುಳಿಗೆ ಹುಡುಕುವ ಕೆಲಸ ಶುರು.